ಈ ಲೈಬ್ರರಿಯನ್ನು ನಂಬಿಕೊಂಡವರು ಯಾರು?

ಲಿನಕ್ಸ್ ಯಂತ್ರಗಳನ್ನು ನೋಡಿಕೊಳ್ಳುವವರಿಗೆ ಇಂದಲ್ಲ ನಾಳೆ ಎದುರಾಗುವ ಪ್ರಶ್ನೆಯೊಂದಿದೆ: ಈ ಲೈಬ್ರರಿಯನ್ನು ಮುಟ್ಟಿದರೆ ಏನೇನು ನಿಲ್ಲುತ್ತದೆ? ಲೈಬ್ರರಿ ಎಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡ್‌ನ ಫೈಲ್. ಯಾವುದೋ ಲೈಬ್ರರಿಯಲ್ಲಿ ಭದ್ರತಾ ಲೋಪ ಸಿಕ್ಕಿತೆಂದು ಸುದ್ದಿ ಬರುತ್ತದೆ, ನಮ್ಮ ಯಂತ್ರದಲ್ಲಿ ಅದನ್ನು ಬಳಸುತ್ತಿರುವವರು ಯಾರು ಎಂದು ತಿಳಿಯಬೇಕಾಗುತ್ತದೆ. ಇಲ್ಲವೇ ಹಳೆಯ ಆವೃತ್ತಿಯೊಂದು ಉಳಿದುಕೊಂಡಿರುತ್ತದೆ, ಅದನ್ನು ತೆಗೆಯಬಹುದೇ ಎಂಬ ಅನುಮಾನ ಕಾಡುತ್ತದೆ. ಡಿಸ್ಕ್ ತುಂಬಿತೆಂದು ಲೈಬ್ರರಿಗಳ ಮೇಲೆ ಕಣ್ಣು ಹಾಕುವವರೂ ಇದ್ದಾರೆ. ಅವರಿಗೆ ನನ್ನ ಮಾತು ಒಂದೇ: ಒಂದು ಲೈಬ್ರರಿಯಿಂದ ಉಳಿಯುವುದು ಸಾಮಾನ್ಯವಾಗಿ ಕೆಲವೇ ಎಂಬಿ, ಕಳೆದುಕೊಳ್ಳುವುದು ಇಡೀ ಡೆಸ್ಕ್‌ಟಾಪ್ ಆಗಿರಬಹುದು.

ಕೊಪ್ಪಳ, ರಾಯಚೂರು ಕಡೆಯ ಕಾಲೇಜುಗಳ ಲ್ಯಾಬ್‌ಗಳಲ್ಲಿ ಉಬುಂಟು ಹಾಕಿದ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪ್ರಾಯೋಗಿಕ ಪರೀಕ್ಷೆ ಹತ್ತಿರವಿರುವಾಗ, ಇಂಟರ್ನೆಟ್ ಕೈಕೊಟ್ಟಿರುವ ದಿನ ಒಂದು ಪ್ಯಾಕೇಜ್ (ತಂತ್ರಾಂಶದ ಕಟ್ಟು) ತೆಗೆದು ಹತ್ತು ಪ್ಯಾಕೇಜ್ ಕಳೆದುಕೊಂಡರೆ ಮರಳಿ ಹಾಕಲು ದಾರಿಯೇ ಇರುವುದಿಲ್ಲ. ಆದ್ದರಿಂದ ‘ಮೊದಲು ಕೇಳಿ, ಆಮೇಲೆ ಮುಟ್ಟಿ’ ಎಂಬುದನ್ನು ಲ್ಯಾಬ್ ಸಹಾಯಕರಿಗೆ ಹೇಳುತ್ತಲೇ ಇರುತ್ತೇನೆ. ಹೇಗೆ ಕೇಳಬೇಕು ಎಂಬುದು ಈ ಲೇಖನದ ವಿಷಯ. ಒಂದೇ ಪ್ರಶ್ನೆಯನ್ನು ಮೂರು ಕಡೆ ಕೇಳಬೇಕು: ಪ್ಯಾಕೇಜ್ ವ್ಯವಸ್ಥೆಯ ದಾಖಲೆಯಲ್ಲಿ, ಪ್ರೋಗ್ರಾಂ ಫೈಲಿನ ಒಳಗೆ, ಈಗ ಓಡುತ್ತಿರುವ ಪ್ರೋಗ್ರಾಂಗಳ ಮೆಮೊರಿಯಲ್ಲಿ. ಮೂರು ಕಡೆಯೂ ಒಂದೇ ಉತ್ತರ ಬರುತ್ತದೆಂಬ ಖಾತರಿಯಿಲ್ಲ. ಇಲ್ಲಿ ಆದೇಶಗಳನ್ನು ಉಚ್ಚಾರಣೆಯಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಉದಾಹರಣೆಗೆ ಕನ್ನಡಿಗರಿಗೆ ಹತ್ತಿರದ ಲೈಬ್ರರಿಯನ್ನೇ ತೆಗೆದುಕೊಳ್ಳೋಣ: ಹಾರ್ಫ್‌ಬಜ್. ‘ಬಳ್ಳಾರಿ’ ಎಂಬ ಪದ ಕಂಪ್ಯೂಟರಿನಲ್ಲಿ ಏಳು ಸಂಕೇತಗಳಾಗಿ ಕುಳಿತಿರುತ್ತದೆ: ಬ, ಳ, ಹಲಂತ, ಇನ್ನೊಂದು ಳ, ಆಕಾರದ ಚಿಹ್ನೆ, ರ, ಇಕಾರದ ಚಿಹ್ನೆ. ಇದನ್ನು ಓದಿ, ಎರಡನೆಯ ಳಕಾರವನ್ನು ಒತ್ತಕ್ಷರವನ್ನಾಗಿ ಮಾಡಿ ಕೆಳಗಿಡಬೇಕು, ಆಕಾರವನ್ನು ಮೇಲಿನ ಅಕ್ಷರಕ್ಕೆ ಸೇರಿಸಬೇಕು. ‘ಸೂರ್ಯ’ ಬರೆಯುವಾಗ ರಕಾರವನ್ನು ಮೊದಲು ಟೈಪ್ ಮಾಡಿದರೂ ಅರ್ಕಾವೊತ್ತು ಯಕಾರದ ನಂತರ ಬಂದು ನಿಲ್ಲಬೇಕು. ಫಾಂಟಿನಲ್ಲಿರುವ ನಿಯಮಗಳನ್ನು ನೋಡಿಕೊಂಡು ಈ ಜೋಡಣೆಯನ್ನು ಮಾಡುವುದು ಹಾರ್ಫ್‌ಬಜ್. ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟು ಎಂಬ ಲಿನಕ್ಸ್ ವಿತರಣೆಗಳಲ್ಲಿ ಇದು ‘ಲಿಬ್‌ಹಾರ್ಫ್‌ಬಜ್0ಬಿ’ ಎಂಬ ಪ್ಯಾಕೇಜಿನಲ್ಲಿ ಬರುತ್ತದೆ. ಇದನ್ನು ಯಾರೂ ಬೇಕೆಂದು ಹುಡುಕಿ ಹಾಕಿಕೊಂಡಿರುವುದಿಲ್ಲ. ಬೇರೆ ಪ್ಯಾಕೇಜ್‌ಗಳ ಜೊತೆ ತಾನಾಗಿ ಬಂದಿರುತ್ತದೆ. ಯಾರ ಜೊತೆ ಬಂತು ಎಂಬುದೇ ಈಗ ನಮಗೆ ಬೇಕಾದ ಉತ್ತರ.

ಕೆಲವೊಮ್ಮೆ ಪ್ಯಾಕೇಜಿನ ಹೆಸರೇ ಗೊತ್ತಿರುವುದಿಲ್ಲ, ದೋಷದ ಸಂದೇಶದಲ್ಲಿ ಕಂಡ ಫೈಲಿನ ಹೆಸರು ಮಾತ್ರ ಕೈಯಲ್ಲಿರುತ್ತದೆ. ಆಗ ಪ್ಯಾಕೇಜ್‌ಗಳನ್ನು ನಿರ್ವಹಿಸುವ ‘ಡಿಪಿಕೆಜಿ’ ಆದೇಶಕ್ಕೆ ದೊಡ್ಡಕ್ಷರದ ‘ಎಸ್’ ಆಯ್ಕೆ ಕೊಟ್ಟು ಫೈಲಿನ ಹೆಸರು ಬರೆದರೆ, ಆ ಫೈಲ್ ಯಾವ ಪ್ಯಾಕೇಜಿಗೆ ಸೇರಿದ್ದು ಎಂದು ತಿಳಿಯುತ್ತದೆ. ಪೂರ್ತಿ ಹಾದಿಯನ್ನು ಕೊಡಬೇಡಿ, ಫೈಲಿನ ಹೆಸರಷ್ಟೇ ಸಾಕು. ಈಗಿನ ಆವೃತ್ತಿಗಳಲ್ಲಿ ‘ಲಿಬ್’ ಫೋಲ್ಡರ್ ಎಂಬುದು ‘ಯುಎಸ್‌ಆರ್’ ಒಳಗಿನ ‘ಲಿಬ್’ ಕಡೆಗೆ ಕೈ ತೋರಿಸುವ ಕೊಂಡಿ. ಒಂದು ಆದೇಶ ಒಂದು ಹಾದಿಯನ್ನು ಹೇಳಿದರೆ ದಾಖಲೆಯಲ್ಲಿ ಇನ್ನೊಂದು ಇರುತ್ತದೆ. ಫೈಲ್ ಕಣ್ಣೆದುರಿಗೇ ಇದ್ದರೂ ‘ಇಂಥದ್ದು ಯಾವ ಪ್ಯಾಕೇಜಿನಲ್ಲೂ ಇಲ್ಲ’ ಎಂಬ ಉತ್ತರ ಬರುತ್ತದೆ.

ಇನ್ನು ದಾಖಲೆಗೆ ಬರೋಣ. ಡೆಬಿಯನ್ ಕುಟುಂಬದ ಎಲ್ಲ ಯಂತ್ರಗಳಲ್ಲೂ, ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್‌ನಲ್ಲಿ ಕೂಡ, ‘ವಾರ್’ ಫೋಲ್ಡರಿನ ಆಳದಲ್ಲಿ ಡಿಪಿಕೆಜಿಯ ‘ಸ್ಟೇಟಸ್’ ಎಂಬ ಸಾದಾ ಪಠ್ಯದ ಫೈಲ್ ಇರುತ್ತದೆ. ಯಂತ್ರದಲ್ಲಿರುವ ಪ್ರತಿ ಪ್ಯಾಕೇಜಿಗೂ ಅದರಲ್ಲಿ ಒಂದು ಭಾಗ, ಆ ಭಾಗದಲ್ಲಿ ‘ಡಿಪೆಂಡ್ಸ್’ ಎಂಬ ಸಾಲು. ‘ನನಗೆ ಇವೆಲ್ಲ ಬೇಕು’ ಎಂದು ಪ್ರತಿ ಪ್ಯಾಕೇಜೂ ಅಲ್ಲಿ ಹೇಳಿಕೊಂಡಿರುತ್ತದೆ. ‘ನಾನು ಇವರಿಗೆಲ್ಲ ಬೇಕು’ ಎಂದು ಹೇಳುವ ಸಾಲು ಮಾತ್ರ ಅದರಲ್ಲಿ ಇಲ್ಲ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ 227 ಕಿಲೋಮೀಟರ್ ಉದ್ದ ಹರಿಯುತ್ತದೆ. ತನ್ನ ಹೊಲಕ್ಕೆ ನೀರು ಯಾವ ತೂಬಿನಿಂದ, ಯಾವ ಉಪಕಾಲುವೆಯಿಂದ ಬರುತ್ತದೆ ಎಂದು ಸಿಂಧನೂರಿನ ರೈತನನ್ನು ಕೇಳಿದರೆ ತಕ್ಷಣ ಹೇಳುತ್ತಾನೆ. ಆದರೆ ಒಂದು ಉಪಕಾಲುವೆಯ ಬಾಗಿಲ ಮುಂದೆ ನಿಂತು ‘ಇದನ್ನು ಮುಚ್ಚಿದರೆ ಯಾರ ಯಾರ ಗದ್ದೆ ಒಣಗುತ್ತದೆ’ ಎಂದು ಕೇಳಿದರೆ ಒಬ್ಬ ರೈತನಿಂದ ಉತ್ತರ ಸಿಗುವುದಿಲ್ಲ. ಎಲ್ಲ ರೈತರ ಉತ್ತರಗಳನ್ನು ಒಟ್ಟುಗೂಡಿಸಿ ತಿರುವಿ ಹಾಕಬೇಕು. ಹಿಮ್ಮುಖ ಅವಲಂಬನೆಯ ಆದೇಶಗಳೆಲ್ಲ ಮಾಡುವುದು ಇಷ್ಟೇ: ಎಲ್ಲರ ‘ಡಿಪೆಂಡ್ಸ್’ ಸಾಲುಗಳನ್ನು ಓದಿ ಪಟ್ಟಿಯನ್ನು ತಿರುವುತ್ತವೆ.

ಡೆಬಿಯನ್, ಉಬುಂಟುಗಳಲ್ಲಿ ಆ ಆದೇಶ ‘ಆಪ್ಟ್-ಕ್ಯಾಶ್ ಆರ್‌ಡಿಪೆಂಡ್ಸ್’. ಅದರ ಜೊತೆಗೆ ಎರಡು ಅಡ್ಡಗೆರೆ ಹಾಕಿ ‘ಇನ್‌ಸ್ಟಾಲ್ಡ್’ ಎಂಬ ಆಯ್ಕೆಯನ್ನೂ ಕೊನೆಗೆ ಪ್ಯಾಕೇಜಿನ ಹೆಸರನ್ನೂ ಬರೆಯಬೇಕು. ಆ ಆಯ್ಕೆಯನ್ನು ಮರೆತರೆ ಉಬುಂಟು ಭಂಡಾರದಲ್ಲಿರುವ, ನಿಮ್ಮ ಯಂತ್ರದಲ್ಲಿ ಇಲ್ಲದ ಪ್ಯಾಕೇಜ್‌ಗಳೂ ಸೇರಿ ಉದ್ದನೆಯ ಪಟ್ಟಿ ಸುರಿಯುತ್ತದೆ. ನಮ್ಮ ಲ್ಯಾಬ್‌ನ ಯಂತ್ರದಲ್ಲಿ ‘ಲಿಬ್‌ಹಾರ್ಫ್‌ಬಜ್0ಬಿ’ಗೆ ಬರುವ ಉತ್ತರದಲ್ಲಿ ನಿರೀಕ್ಷಿಸಿದ ಹೆಸರುಗಳು ಇರುತ್ತವೆ: ಅಕ್ಷರ ಜೋಡಿಸುವ ಪ್ಯಾಂಗೊ, ಲಿಬ್ರೆ ಆಫೀಸಿನ ಮೂಲ ಪ್ಯಾಕೇಜ್, ಪ್ರೋಗ್ರಾಂಗಳ ಕಿಟಕಿ, ಗುಂಡಿಗಳನ್ನು ಮೂಡಿಸುವ ಕ್ಯೂಟಿ, ವಿಡಿಯೊಗಳ ಕೆಳಬರಹ ಮೂಡಿಸುವ ಲಿಬ್‌ಆಸ್. ನಿರೀಕ್ಷಿಸದ ಒಂದು ಹೆಸರೂ ಇರುತ್ತದೆ: ಓಪನ್ ಜೆಡಿಕೆಯ ‘ಹೆಡ್‌ಲೆಸ್’ ಪ್ಯಾಕೇಜ್. ಪರದೆಯೇ ಇಲ್ಲದ ಯಂತ್ರಗಳಿಗಾಗಿ ಇರುವ ಜಾವಾ ಅದು. ಅಕ್ಷರದ ಆಕಾರ ಅದಕ್ಕೇಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಪರದೆ ಇಲ್ಲದಿದ್ದರೂ ಜಾವಾ ಚಿತ್ರದ ಮೇಲೆ ಅಕ್ಷರ ಬರೆಯಬಲ್ಲದು, ಪುಟವನ್ನು ರೂಪಿಸಬಲ್ಲದು. ಅದಕ್ಕೆ ಜೋಡಣೆ ಬೇಕೇ ಬೇಕು. ಬಿಸಿಎ ವಿದ್ಯಾರ್ಥಿಗಳ ಜಾವಾ ಪ್ರಯೋಗಕ್ಕೂ ಒತ್ತಕ್ಷರದ ಲೈಬ್ರರಿಗೂ ಸಂಬಂಧವಿದೆಯೆಂದು ಊಹೆಯಿಂದ ಹೇಳಲು ಯಾರಿಗೂ ಸಾಧ್ಯವಿರಲಿಲ್ಲ.

ಈ ಪಟ್ಟಿಯನ್ನು ಓದುವಾಗ ಎಚ್ಚರ ಬೇಕು. ‘ಆರ್‌ಡಿಪೆಂಡ್ಸ್’ ಎಂಬ ಹೆಸರು ನೋಡಿ ಇದರಲ್ಲಿರುವವರೆಲ್ಲ ಅವಲಂಬಿತರೇ ಎಂದುಕೊಳ್ಳಬಾರದು. ಯಾವ ಬಗೆಯ ಸಂಬಂಧವಿದ್ದರೂ ಈ ಆದೇಶ ಹೆಸರನ್ನು ಬರೆದುಬಿಡುತ್ತದೆ. ‘ಇದಿಲ್ಲದೆ ನಾನು ನಡೆಯುವುದಿಲ್ಲ’ ಎನ್ನುವವರು ಇದರಲ್ಲಿದ್ದಾರೆ. ‘ಇದ್ದರೆ ಒಳ್ಳೆಯದು’ ಎಂದು ಶಿಫಾರಸು ಮಾಡುವವರೂ ಇದ್ದಾರೆ. ‘ಇದರ ಹಳೆಯ ಆವೃತ್ತಿಯ ಜೊತೆ ನನಗೆ ಆಗುವುದಿಲ್ಲ’ ಎನ್ನುವ ವಿರೋಧಿಗಳೂ ಅದೇ ಸಾಲಿನಲ್ಲಿ ನಿಂತಿರುತ್ತಾರೆ. ‘ನೋ-ರೆಕಮೆಂಡ್ಸ್’, ‘ನೋ-ಸಜೆಸ್ಟ್ಸ್’, ‘ನೋ-ಕಾನ್‌ಫ್ಲಿಕ್ಟ್ಸ್’, ‘ನೋ-ಬ್ರೇಕ್ಸ್’, ‘ನೋ-ರಿಪ್ಲೇಸಸ್’ ಎಂಬ ಆಯ್ಕೆಗಳನ್ನು, ಪ್ರತಿಯೊಂದರ ಮುಂದೆ ಎರಡು ಅಡ್ಡಗೆರೆ ಹಾಕಿ, ಸೇರಿಸಿದರೆ ಪಟ್ಟಿ ಸೋಸಿ ನಿಜವಾದ ಅವಲಂಬಿತರು ಉಳಿಯುತ್ತಾರೆ. ಹೆಸರಿನ ಮುಂದೆ ನೆಟ್ಟಗೆ ನಿಂತ ಒಂದು ಗೆರೆ ಕಂಡರೆ ‘ಇದು ಅಥವಾ ಇನ್ನೊಂದು’ ಎಂದು ಅರ್ಥ. ಆ ಪ್ಯಾಕೇಜಿಗೆ ಬದಲಿ ಇದೆ.

ಹೆಸರುಗಳ ಗೋಜಲೂ ಇದೆ. ಉಬುಂಟು 22.04ರಲ್ಲಿ ‘ಲಿಬ್‌ಎಸ್‌ಎಸ್‌ಎಲ್3’ ಎಂದಿದ್ದ ಪ್ಯಾಕೇಜ್ 24.04ರಲ್ಲಿ ‘ಲಿಬ್‌ಎಸ್‌ಎಸ್‌ಎಲ್3ಟಿ64’ ಆಯಿತು. 32 ಬಿಟ್‌ಗಳಲ್ಲಿ ಸಮಯವನ್ನು ಎಣಿಸುವ ವ್ಯವಸ್ಥೆಗಳ ಲೆಕ್ಕ 2038ರ ಜನವರಿ 19ಕ್ಕೆ ಮುಗಿದುಹೋಗುತ್ತದೆ. ಅದಕ್ಕೆ ಮುಂಚೆ 64 ಬಿಟ್‌ಗೆ ಹೋಗಲು ನಡೆದ ದೊಡ್ಡ ಬದಲಾವಣೆಯ ಗುರುತು ಆ ಬಾಲ. ಹಳೆಯ ಹೆಸರಿನಿಂದ ಹುಡುಕಿದರೆ ಪಟ್ಟಿ ಅರ್ಧಂಬರ್ಧ ಬರಬಹುದು. ಹಾಗಾಗಿ ಮೊದಲು ಯಂತ್ರದಲ್ಲಿ ಈಗ ಇರುವ ಹೆಸರನ್ನು ಖಚಿತ ಮಾಡಿಕೊಳ್ಳಬೇಕು.

ಇಷ್ಟೆಲ್ಲ ಆದ ಮೇಲೂ ಕೈಗೆ ಬರುವುದು ನೇರ ಅವಲಂಬಿತರ ಪಟ್ಟಿ ಮಾತ್ರ. ಪ್ಯಾಂಗೊವನ್ನು ನಂಬಿಕೊಂಡು ಕ್ಯೂಟಿಯಂಥದ್ದೇ ಆದ ಜಿಟಿಕೆ ಇದೆ, ಜಿಟಿಕೆಯನ್ನು ನಂಬಿಕೊಂಡು ನೂರಾರು ಪ್ರೋಗ್ರಾಂಗಳಿವೆ. ಕಾಲುವೆಯ ತಲೆಯಲ್ಲಿ ಬಾಗಿಲು ಮುಚ್ಚಿದ್ದರ ಬಿಸಿ ಮಾನ್ವಿ, ಸಿರವಾರದ ಕೊನೆಯಂಚಿನ ರೈತನಿಗೆ ತಟ್ಟುವಂತೆ, ಇಲ್ಲೂ ಪೆಟ್ಟು ಬೀಳುವುದು ಪಟ್ಟಿಯಲ್ಲಿ ಹೆಸರೇ ಇಲ್ಲದವರಿಗೆ. ‘ರಿಕರ್ಸ್’ ಎಂಬ ಆಯ್ಕೆಯಿಂದ ಕೊನೆಯವರೆಗೂ ಹೋಗಬಹುದು, ಆದರೆ ಬರುವ ಉತ್ತರ ಪುಟಗಟ್ಟಲೆ ಇರುತ್ತದೆ, ಅದರಿಂದ ತೀರ್ಮಾನಕ್ಕೆ ಬರುವುದು ಕಷ್ಟ.

ನನ್ನ ಅನುಭವದಲ್ಲಿ ಅದಕ್ಕಿಂತ ಒಳ್ಳೆಯ ದಾರಿ ಅಣಕು ತೆಗೆಯುವಿಕೆ. ‘ಆಪ್ಟ್-ಗೆಟ್’ ಬರೆದು, ಒಂದು ಅಡ್ಡಗೆರೆಯೊಂದಿಗೆ ಸಣ್ಣಕ್ಷರದ ‘ಎಸ್’, ಆಮೇಲೆ ‘ರಿಮೂವ್’, ಕೊನೆಗೆ ಪ್ಯಾಕೇಜಿನ ಹೆಸರು. ಇದು ಯಾವುದನ್ನೂ ಮುಟ್ಟುವುದಿಲ್ಲ. ನಿರ್ವಾಹಕರ ಗುಪ್ತಪದವನ್ನೂ ಕೇಳುವುದಿಲ್ಲ, ಕೇಳದ ಕಾರಣ ತಪ್ಪಿ ಕೂಡ ಏನೂ ಅಳಿಯುವುದಿಲ್ಲ. ‘ತೆಗೆದಿದ್ದರೆ ಇವೆಲ್ಲ ಹೋಗುತ್ತಿದ್ದವು’ ಎಂದು ‘ರೆಮ್ವ್’ ಎಂಬ ನಾಲ್ಕಕ್ಷರದಿಂದ ಶುರುವಾಗುವ ಸಾಲುಗಳಲ್ಲಿ ಹೇಳುತ್ತದೆ. ಬದಲಿಗಳಿದ್ದರೆ ಅವನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುತ್ತದೆ. ಹಾರ್ಫ್‌ಬಜ್‌ಗೆ ಇದನ್ನು ಮಾಡಿ ನೋಡಿ: ಲಿಬ್ರೆ ಆಫೀಸ್, ಜಾವಾ, ಲಾಗಿನ್ ಪರದೆ, ಡೆಸ್ಕ್‌ಟಾಪ್ ಎಲ್ಲವೂ ಒಂದರ ಹಿಂದೆ ಒಂದು ಸಾಲುಗಟ್ಟುತ್ತವೆ. ಆ ಪರದೆಯನ್ನು ಹೊಸ ಲ್ಯಾಬ್ ಸಹಾಯಕರಿಗೆ ಒಮ್ಮೆ ತೋರಿಸಿದರೆ ಸಾಕು, ಉಪನ್ಯಾಸ ಬೇಕಾಗುವುದಿಲ್ಲ. ಇದರ ಜೊತೆಗೆ ‘ಆಪ್ಟಿಟ್ಯೂಡ್ ವೈ’ ಎಂಬ ಆದೇಶವನ್ನೂ ನೆನಪಿಡಿ. ಆಪ್ಟಿಟ್ಯೂಡ್ ಅನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ಆದರೆ ನೀವು ಹಾಕಿಕೊಂಡ ಯಾವ ಪ್ಯಾಕೇಜಿನ ದೆಸೆಯಿಂದ ಈ ಲೈಬ್ರರಿ ಬಂತು ಎಂಬ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸಿ ತೋರಿಸುತ್ತದೆ.

ಸರಪಳಿಯ ಕೊನೆಯವರೆಗೂ ಹೋಗಬೇಕು ಎಂಬುದಕ್ಕೆ 2024ರ ಮಾರ್ಚ್ 29ರ ಸುದ್ದಿಗಿಂತ ದೊಡ್ಡ ಸಾಕ್ಷಿ ಬೇಡ. ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಪ್ರವೇಶಿಸುವ ಎಸ್‌ಎಸ್‌ಎಚ್‌ನ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆ ಎಂಬುದರ ಬೆನ್ನು ಹತ್ತಿದ ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರು, ಎಕ್ಸ್‌ಝಡ್ ಸಂಕೋಚನ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಉದ್ದೇಶಪೂರ್ವಕವಾಗಿ ಕಳ್ಳಬಾಗಿಲು ಇಟ್ಟಿದ್ದಾರೆಂದು ಅಂದು ಬಹಿರಂಗಪಡಿಸಿದರು. ಎಸ್‌ಎಸ್‌ಎಚ್ ಸರ್ವರಿಗೂ ಫೈಲ್ ಕುಗ್ಗಿಸುವ ಲೈಬ್ರರಿಗೂ ಏನು ಸಂಬಂಧ? ಮೂಲ ಓಪನ್ ಎಸ್‌ಎಸ್‌ಎಚ್‌ನಲ್ಲಿ ಸಂಬಂಧವೇ ಇರಲಿಲ್ಲ. ಡೆಬಿಯನ್ ಮತ್ತು ಇನ್ನು ಕೆಲವು ವಿತರಣೆಗಳು ಅದನ್ನು, ಯಂತ್ರದ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ‘ಲಿಬ್‌ಸಿಸ್ಟಂಡಿ’ ಲೈಬ್ರರಿಗೆ ಜೋಡಿಸಿದ್ದವು, ಲಿಬ್‌ಸಿಸ್ಟಂಡಿ ‘ಲಿಬ್‌ಎಲ್‌ಜೆಡ್‌ಎಂಎ’ಯನ್ನು, ಅಂದರೆ ಎಕ್ಸ್‌ಝಡ್‌ನ ಲೈಬ್ರರಿಯನ್ನು ನಂಬಿಕೊಂಡಿತ್ತು. ನೇರ ಅವಲಂಬಿತರ ಪಟ್ಟಿಯನ್ನಷ್ಟೇ ನೋಡಿದವರಿಗೆ ಎಸ್‌ಎಸ್‌ಎಚ್ ಹೆಸರು ಅಲ್ಲಿ ಕಾಣುತ್ತಲೇ ಇರಲಿಲ್ಲ. ಕೆಟ್ಟ ಆವೃತ್ತಿಗಳು ಡೆಬಿಯನ್‌ನ ಸ್ಥಿರ ಆವೃತ್ತಿಯನ್ನು ತಲುಪುವ ಮೊದಲೇ ಸಿಕ್ಕಿಬಿದ್ದದ್ದು ಜಗತ್ತಿನ ಅದೃಷ್ಟ.

ದಾಖಲೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ಡೆಬಿಯನ್ ಭಂಡಾರದ ಪ್ಯಾಕೇಜ್‌ಗಳ ಮಟ್ಟಿಗೆ ಚೆನ್ನಾಗಿಯೇ ನಂಬಬಹುದು. ಪ್ಯಾಕೇಜ್ ಕಟ್ಟುವಾಗ ‘ಡಿಪಿಕೆಜಿ-ಷ್‌ಲಿಬ್‌ಡೆಪ್ಸ್’ ಎಂಬ ಉಪಕರಣ ಪ್ರೋಗ್ರಾಂ ಫೈಲ್‌ಗಳನ್ನೇ ತೆರೆದು ನೋಡಿ, ಯಾವ ಲೈಬ್ರರಿಗಳು ಬೇಕೆಂದು ಲೆಕ್ಕ ಹಾಕಿ ಸಾಲನ್ನು ತುಂಬುತ್ತದೆ. ಮನುಷ್ಯರ ನೆನಪಿಗೆ ಬಿಡುವುದಿಲ್ಲ. ತೊಂದರೆ ಇರುವುದು ದಾಖಲೆಗೆ ಬಾರದ ಪ್ರೋಗ್ರಾಂಗಳದ್ದು. ನಮ್ಮ ಕಡೆಯ ಲ್ಯಾಬ್ ಮತ್ತು ಕಚೇರಿಗಳಲ್ಲಿ ಇವಕ್ಕೆ ಕೊರತೆಯಿಲ್ಲ. ಪ್ರಿಂಟರ್ ಕಂಪನಿಯ ಚಾಲಕ ತಂತ್ರಾಂಶ, ಬೆರಳಚ್ಚು ಹಾಜರಿಯ ತಂತ್ರಾಂಶ, ಯಾರೋ ಪೆನ್‌ಡ್ರೈವಿನಲ್ಲಿ ತಂದು ‘ಆಪ್ಟ್’ ಫೋಲ್ಡರಿನಲ್ಲಿ (ಇಂಗ್ಲಿಷಿನಲ್ಲಿ ಓ, ಪಿ, ಟಿ; ಆಪ್ಟ್-ಕ್ಯಾಶ್‌ನ ಆಪ್ಟ್ ಅಲ್ಲ) ಬಿಚ್ಚಿಟ್ಟ ಪ್ರೋಗ್ರಾಂ. ಆಪ್ಟ್-ಕ್ಯಾಶ್‌ಗೆ ಇವು ಇರುವುದೇ ಗೊತ್ತಿಲ್ಲ.

ಜಾಲದ ಸಂಪರ್ಕಗಳನ್ನು ಗೂಢಲಿಪಿಯಿಂದ ಕಾಯುವ ಲೈಬ್ರರಿ ಓಪನ್ ಎಸ್‌ಎಸ್‌ಎಲ್ 1.1 ವಿಷಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. 22.04ಕ್ಕೆ ಬರುವಾಗ ಉಬುಂಟು ಅದನ್ನು ಬಿಟ್ಟು ಮೂರನೆಯ ಆವೃತ್ತಿಗೆ ಹೋಯಿತು. ಹಳೆಯ ತಂತ್ರಾಂಶ ನಡೆಯಲೆಂದು ಎಷ್ಟೋ ಕಡೆ ಹಿಂದಿನ ಬಿಡುಗಡೆಯ ಪ್ಯಾಕೇಜನ್ನು ಇಳಿಸಿಕೊಂಡು ಕೈಯಾರೆ ಹಾಕಿದರು. 1.1.1 ಸರಣಿಗೆ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೆ ಮುಗಿಯಿತು, ಆದರೆ ಲೈಬ್ರರಿ ಇಂದಿಗೂ ಆ ಯಂತ್ರಗಳಲ್ಲಿ ಕುಳಿತಿದೆ. ‘ಆರ್‌ಡಿಪೆಂಡ್ಸ್’ ಕೇಳಿದರೆ ಯಾರೂ ಇಲ್ಲ ಎನ್ನುತ್ತದೆ. ಯಾರೂ ಇಲ್ಲವೆಂದು ತೆಗೆದರೆ ಮರುದಿನ ಬೆಳಿಗ್ಗೆ ಹಾಜರಿ ಯಂತ್ರ ಮಾತಾಡುವುದಿಲ್ಲ.

ಇಂಥಲ್ಲಿ ಫೈಲನ್ನೇ ಕೇಳಬೇಕು. ಲಿನಕ್ಸ್‌ನ ಸಾಮಾನ್ಯ ಪ್ರೋಗ್ರಾಂ ಫೈಲಿನ ಒಳಗೆ ಅದಕ್ಕೆ ಬೇಕಾದ ಲೈಬ್ರರಿಗಳ ಹೆಸರುಗಳು ‘ನೀಡೆಡ್’ ಎಂಬ ಗುರುತಿನೊಂದಿಗೆ ಬರೆದಿರುತ್ತವೆ. ‘ರೀಡ್‌ಎಲ್ಫ್’ ಆದೇಶಕ್ಕೆ ‘ಡಿ’ ಆಯ್ಕೆ ಕೊಟ್ಟು ಫೈಲಿನ ಹೆಸರು ಬರೆದರೆ ಅವು ಕಾಣುತ್ತವೆ. ‘ಎಲ್‌ಡಿಡಿ’ ಎಂಬ ಇನ್ನೊಂದು ಆದೇಶ ಹೆಚ್ಚು ಪರಿಚಿತ. ಆದರೆ ಎರಡಕ್ಕೂ ವ್ಯತ್ಯಾಸವಿದೆ: ರೀಡ್‌ಎಲ್ಫ್ ಹೇಳುವುದು ಆ ಫೈಲ್ ನೇರವಾಗಿ ಕೇಳಿದ್ದನ್ನು ಮಾತ್ರ, ಎಲ್‌ಡಿಡಿ ಸರಪಳಿಯ ಕೊನೆಯವರೆಗೂ ಹೋಗಿ ಎಲ್ಲವನ್ನೂ ತೋರಿಸುತ್ತದೆ. ಎಸ್‌ಎಸ್‌ಎಚ್ ಉದಾಹರಣೆಯಲ್ಲಿ ಎಲ್‌ಡಿಡಿಗೆ ಲಿಬ್‌ಎಲ್‌ಜೆಡ್‌ಎಂಎ ಕಂಡಿತ್ತು, ರೀಡ್‌ಎಲ್ಫ್‌ಗೆ ಲಿಬ್‌ಸಿಸ್ಟಂಡಿ ಮಾತ್ರ ಕಂಡಿತ್ತು. ನಂಬಿಕೆಯಿಲ್ಲದ ಫೈಲಿನ ಮೇಲೆ ಎಲ್‌ಡಿಡಿ ಓಡಿಸಬೇಡಿ. ಕೆಲವು ಸಂದರ್ಭಗಳಲ್ಲಿ ಅದು ಆ ಪ್ರೋಗ್ರಾಂ ಅನ್ನೇ ಚಾಲೂ ಮಾಡಿಬಿಡಬಹುದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ರೀಡ್‌ಎಲ್ಫ್ ಸುಮ್ಮನೆ ಓದುತ್ತದೆ. ‘ಆಪ್ಟ್’ ಮತ್ತು ‘ಯುಎಸ್‌ಆರ್ ಲೋಕಲ್’ ಫೋಲ್ಡರುಗಳ ಫೈಲ್‌ಗಳನ್ನೆಲ್ಲ ‘ಫೈಂಡ್’ ಆದೇಶದಿಂದ ಹೆಕ್ಕಿ, ಒಂದೊಂದರ ಮೇಲೂ ರೀಡ್‌ಎಲ್ಫ್ ಓಡಿಸಿ, ಬೇಕಾದ ಲೈಬ್ರರಿಯ ಹೆಸರನ್ನು ‘ಗ್ರೆಪ್’ನಿಂದ ಸೋಸಿದರೆ ದಾಖಲೆಯ ಹೊರಗಿನವರು ಸಿಗುತ್ತಾರೆ. ಇದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಹಾಜರಿ ತಂತ್ರಾಂಶದಂಥವನ್ನು ಹಿಡಿಯಲು ನನಗೆ ಗೊತ್ತಿರುವ ನೇರ ದಾರಿ ಇದು.

ಫೈಲೂ ಎಲ್ಲವನ್ನೂ ಹೇಳುವುದಿಲ್ಲ. ಓಡುತ್ತಿರುವಾಗ, ಅಗತ್ಯ ಬಿದ್ದಾಗ ಮಾತ್ರ ಲೈಬ್ರರಿಯನ್ನು ಕರೆದುಕೊಳ್ಳುವ ಪದ್ಧತಿಯೊಂದಿದೆ. ‘ಡಿಎಲ್‌ಓಪನ್’ ಎಂದು ಅದರ ಹೆಸರು. ಹಾಗೆ ಕರೆದುಕೊಳ್ಳುವವರ ‘ನೀಡೆಡ್’ ಸಾಲಿನಲ್ಲಿ ಆ ಹೆಸರು ಇರುವುದಿಲ್ಲ. ಸಿಸ್ಟಂಡಿ ತನ್ನ 256ನೇ ಆವೃತ್ತಿಯಲ್ಲಿ ಸಂಕೋಚನ ಲೈಬ್ರರಿಗಳನ್ನು ಹೀಗೆಯೇ ಕರೆದುಕೊಳ್ಳಲು ಶುರುಮಾಡಿತು. ಬೇಡದವರ ಮೆಮೊರಿಗೆ ಬೇಡದ ಲೈಬ್ರರಿ ಬರುವುದು ಇದರಿಂದ ತಪ್ಪಿತು, ಅದು ಒಳ್ಳೆಯದೇ. ಆದರೆ ಹುಡುಕುವವರ ಕಣ್ಣಿನಿಂದ ಒಂದು ಕೊಂಡಿ ಮರೆಯಾಯಿತು. ಅದಕ್ಕೆಂದೇ ಅವರು ಫೈಲಿನೊಳಗೆ ಪ್ರತ್ಯೇಕ ಟಿಪ್ಪಣಿಯನ್ನು ಬರೆದಿಡುವ ಕ್ರಮವನ್ನೂ ತಂದರು. ಎಲ್ಲರೂ ಅಷ್ಟು ಶಿಸ್ತಿನವರಲ್ಲ.

ಲೈಬ್ರರಿಯನ್ನು ತಮ್ಮೊಳಗೇ ಕಟ್ಟಿಕೊಂಡು ಬರುವವರದು ಇನ್ನೊಂದು ಬಗೆ. ಉಬುಂಟು 22.04 ಮತ್ತು ಆಮೇಲಿನ ಬಿಡುಗಡೆಗಳಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಇಂಥ ಕಟ್ಟಿನ ರೂಪದಲ್ಲಿ ಬರುತ್ತದೆ. ಅದು ಹಾರ್ಫ್‌ಬಜ್‌ನ ತನ್ನದೇ ಪ್ರತಿಯನ್ನು ಹೊತ್ತು ತರುತ್ತದೆ, ಯಂತ್ರದ ಹಾರ್ಫ್‌ಬಜ್ ಅನ್ನು ನೀವು ಹೊಸದು ಮಾಡಿದರೂ ಫೈರ್‌ಫಾಕ್ಸ್‌ನ ಒಳಗಿನದು ಹಾಗೆಯೇ ಇರುತ್ತದೆ. ಫ್ಲಾಟ್‌ಪ್ಯಾಕ್, ಆಪ್‌ಇಮೇಜ್, ಕಂಟೇನರ್‌ಗಳಿಗೂ ಇದೇ ಮಾತು. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಲೋಪ ಹೊರಬಿದ್ದಾಗ ನಿರ್ವಾಹಕರು ವಾರಗಟ್ಟಲೆ ನಿದ್ದೆಗೆಟ್ಟದ್ದಕ್ಕೆ ಕಾರಣ ಇದೇ: ಆ ಲೈಬ್ರರಿ ಜಾವಾ ತಂತ್ರಾಂಶಗಳ ಜಾರ್ ಫೈಲ್‌ಗಳೊಳಗೆ, ಕೆಲವೊಮ್ಮೆ ಜಾರ್ ಒಳಗಿನ ಜಾರ್‌ನೊಳಗೆ ಅಡಗಿತ್ತು, ಯಾವ ಪ್ಯಾಕೇಜ್ ದಾಖಲೆಯಲ್ಲೂ ಇರಲಿಲ್ಲ. ಪೈಥಾನ್‌ಗೂ ತನ್ನದೇ ಪ್ರತ್ಯೇಕ ದಾಖಲೆ ಇದೆ. ‘ಪಿಪ್ ಶೋ’ ಎಂದು ಕೇಳಿದರೆ ‘ರಿಕ್ವೈರ್ಡ್-ಬೈ’ ಸಾಲಿನಲ್ಲಿ ಅವಲಂಬಿತರು ಕಾಣುತ್ತಾರೆ.

ಫೆಡೋರಾ, ರೆಡ್ ಹ್ಯಾಟ್ ಬಳಸುವವರಿಗೆ ‘ಡಿಎನ್‌ಎಫ್ ರೆಪೋಕ್ವೆರಿ’ ಆದೇಶವಿದೆ. ‘ಇನ್‌ಸ್ಟಾಲ್ಡ್’ ಮತ್ತು ‘ವಾಟ್‌ರಿಕ್ವೈರ್ಸ್’ ಆಯ್ಕೆಗಳನ್ನು ಕೊಡಬೇಕು. ಹಳೆಯ ‘ಆರ್‌ಪಿಎಂ’ ಆದೇಶದಲ್ಲೂ ‘ವಾಟ್‌ರಿಕ್ವೈರ್ಸ್’ ಇದೆ, ಆದರೆ ಅಲ್ಲಿ ಪ್ಯಾಕೇಜಿನ ಹೆಸರು ಕೊಟ್ಟರೆ ಬಹಳಷ್ಟು ಅವಲಂಬಿತರು ತಪ್ಪಿಹೋಗುತ್ತಾರೆ. ಏಕೆಂದರೆ ಆ ವ್ಯವಸ್ಥೆಯಲ್ಲಿ ಬೇಡಿಕೆ ದಾಖಲಾಗುವುದು ಸಾಮಾನ್ಯವಾಗಿ ಲೈಬ್ರರಿ ಫೈಲಿನ ಹೆಸರಿನಲ್ಲಿ. ಆರ್ಚ್‌ನಲ್ಲಿ ‘ಪ್ಯಾಕ್‌ಟ್ರೀ’ಗೆ ‘ಆರ್’ ಆಯ್ಕೆ ಕೊಟ್ಟರೆ ಸಾಕು.

ಇನ್ನು ಮೂರನೆಯ ಕಡೆ, ಮೆಮೊರಿ. ಲೈಬ್ರರಿಯ ಹೊಸ ಆವೃತ್ತಿ ಹಾಕಿದ ತಕ್ಷಣ ಎಲ್ಲರೂ ಹೊಸದನ್ನು ಬಳಸುತ್ತಾರೆ ಎಂಬ ಭಾವನೆ ಬಹಳ ಜನರಲ್ಲಿದೆ. ಅದು ನಿಜವಲ್ಲ. ಮೊದಲೇ ಶುರುವಾಗಿದ್ದ ಪ್ರೋಗ್ರಾಂ ಹಳೆಯ ಪ್ರತಿಯನ್ನೇ ಹಿಡಿದುಕೊಂಡಿರುತ್ತದೆ. ಡಿಸ್ಕ್‌ನಿಂದ ಅಳಿಸಿಹೋದ ಫೈಲ್ ಆ ಪ್ರೋಗ್ರಾಂ ನಿಲ್ಲುವವರೆಗೂ ಮೆಮೊರಿಯಲ್ಲಿ ಬದುಕಿರುತ್ತದೆ. 2014ರ ಏಪ್ರಿಲ್ 7ರಂದು ಓಪನ್ ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ಲೋಪ ಬಯಲಾದಾಗ 1.0.1ಜಿ ಹಾಕಿ ನಿಶ್ಚಿಂತರಾದವರ ಸರ್ವರ್‌ಗಳು ಸೇವೆಗಳನ್ನು ಮರುಚಾಲನೆ ಮಾಡುವವರೆಗೂ ಸೋರುತ್ತಲೇ ಇದ್ದವು. ಯಾವ ಪ್ರೋಗ್ರಾಂ ಯಾವ ಲೈಬ್ರರಿಯನ್ನು ಈ ಕ್ಷಣ ಹಿಡಿದಿದೆ ಎಂಬುದು ‘ಪ್ರಾಕ್’ ಫೋಲ್ಡರಿನಲ್ಲಿ, ಆಯಾ ಪ್ರೋಗ್ರಾಂನ ಸಂಖ್ಯೆಯ ಒಳಗಿನ ‘ಮ್ಯಾಪ್ಸ್’ ಫೈಲಿನಲ್ಲಿ ಇರುತ್ತದೆ. ಹೆಸರಿನ ಕೊನೆಗೆ ‘ಡಿಲೀಟೆಡ್’ ಎಂದಿದ್ದರೆ ಅದು ಹಳೆಯ ಪ್ರತಿ. ಡಿಎಲ್‌ಓಪನ್‌ನಿಂದ ಬಂದ ಲೈಬ್ರರಿಗಳೂ, ಸ್ನ್ಯಾಪ್‌ಗಳು ತಮ್ಮ ಜೊತೆ ತಂದ ಲೈಬ್ರರಿ ಫೈಲ್‌ಗಳೂ ಇಲ್ಲಿ ಕಾಣುತ್ತವೆ. ಆದರೆ ಓಡುತ್ತಿರುವ ಪ್ರೋಗ್ರಾಂಗಳು ಮಾತ್ರ. ತಿಂಗಳಿಗೊಮ್ಮೆ ಏಳುವ ಪ್ರೋಗ್ರಾಂ ನೀವು ನೋಡುವಾಗ ಮಲಗಿರಬಹುದು.

ಇದನ್ನೆಲ್ಲ ಕೈಯಾರೆ ಹುಡುಕುವ ಬದಲು ‘ನೀಡ್‌ರೀಸ್ಟಾರ್ಟ್’ ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ಹಳೆಯ ಪ್ರತಿ ಹಿಡಿದಿರುವ ಸೇವೆಗಳನ್ನು ಪಟ್ಟಿ ಮಾಡಿ, ಯಾವುದನ್ನು ಮರುಚಾಲನೆ ಮಾಡಬೇಕೆಂದು ಕೇಳುತ್ತದೆ. ಲ್ಯಾಬ್‌ನ ವಿದ್ಯಾರ್ಥಿ ಯಂತ್ರಗಳಿಗೆ ಇದರ ಅಗತ್ಯ ಕಡಿಮೆ, ಸಂಜೆ ಅವೆಲ್ಲ ಆರುತ್ತವೆ. ಯುಪಿಎಸ್ ಬಲದಿಂದ ತಿಂಗಳುಗಟ್ಟಲೆ ಓಡುವ ಮೂಲೆಯ ಸರ್ವರ್‌ಗೆ ಇದು ಇರಲೇಬೇಕು. ಅಲ್ಲೂ ಮೂಲ ಸಿ ಲೈಬ್ರರಿಯಾದ ‘ಲಿಬ್‌ಸಿ6’ ಹೊಸದಾದರೆ ಸೇವೆಗಳನ್ನು ಒಂದೊಂದಾಗಿ ಆಯ್ಕೆ ಮಾಡುತ್ತ ಕೂರಬೇಡಿ. ಅದನ್ನು ಹಿಡಿಯದ ಪ್ರೋಗ್ರಾಂ ಇಲ್ಲವೆನ್ನುವಷ್ಟು ಕಡಿಮೆ, ತರಗತಿಗಳು ಮುಗಿದ ಮೇಲೆ ಇಡೀ ಸರ್ವರನ್ನೇ ಒಮ್ಮೆ ಮರುಚಾಲನೆ ಮಾಡಿ.